ಗಾಡಿಯ ಫ್ರಿಜ್ ತಣ್ಣಗಾಗದಿದ್ದರೆ ಮೊದಲು ವೈರ್ ನೋಡಿ

ಏಪ್ರಿಲ್‌ನಲ್ಲಿ ಅವ್ವನನ್ನು ಕರೆದುಕೊಂಡು ಕಲಬುರಗಿಯಿಂದ ಬೀದರ್‌ಗೆ ಹೊರಟಿದ್ದೆ. ಗಾಡಿ ಹಳೇ ಟೆಂಪೋ ಟ್ರಾವೆಲರ್. ಹಿಂದಿನ ಸೀಟು ತೆಗೆಸಿ ಮಂಚ, ಸಣ್ಣ ಅಡುಗೆ ಕಟ್ಟೆ, 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಕೂರಿಸಿದ್ದೇನೆ. ಹುಮನಾಬಾದ್ ದಾಟುವಾಗ ಅವ್ವ ಒಂದು ಗುಟುಕು ಮಜ್ಜಿಗೆ ಕುಡಿದು ಮುಖ ಸಿಂಡರಿಸಿದಳು. "ಇದಕ್ಕಿಂತ ನಮ್ಮ ಮನಿ ಗಡಗಿ ನೀರು ತಣ್ಣಗ ಇರ್ತಾವಪ್ಪ" ಅಂದಳು. ಮಜ್ಜಿಗೆ ಹೋದರೆ ಹೋಗಲಿ, ಒಳಗೆ ಅವಳ ಇನ್ಸುಲಿನ್ ಇತ್ತು. ಅದಕ್ಕೆ 2ರಿಂದ 8 ಡಿಗ್ರಿ ಬೇಕು. ಥರ್ಮಾಮೀಟರ್ 17 ತೋರಿಸುತ್ತಿತ್ತು.

ಬೀದರ್‌ನಲ್ಲಿ ಒಬ್ಬ ಮೆಕ್ಯಾನಿಕ್ ಮುಚ್ಚಳ ಕೂಡ ತೆಗೆಯದೆ "ಗ್ಯಾಸ್ ಹೋಗ್ಯಾದ್ರಿ, ತುಂಬಸ್ಬೇಕು" ಅಂದ. ತುಂಬಿಸಿದೆ. ಮರುದಿನ ಮತ್ತೆ ಅದೇ ಕಥೆ. ಆಮೇಲೆ ಗೊತ್ತಾಯಿತು: ಫ್ರಿಜ್ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗೋದಿಲ್ಲ. ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿದ್ದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಆದರೂ ಒಳಗೆ ತಣ್ಣಗಾಗೋದಿಲ್ಲ. ನನ್ನದು ಹಾಗಿರಲಿಲ್ಲ. ಶುರುವಾಗೋದು, ನಿಲ್ಲೋದು, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಇದು ವೋಲ್ಟೇಜ್ ಸಾಲದ ಲಕ್ಷಣ.

ಹೀಗಾದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿ ಹತ್ತಿರ ಅಳೆದು ಸುಮ್ಮನಾಗಬೇಡಿ, ನಾನು ಮಾಡಿದ ತಪ್ಪು ಅದೇ. ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು, ಸರಿಯಾಗಿದೆ ಅಂದುಕೊಂಡೆ. ಫ್ರಿಜ್‌ನ ಪ್ಲಗ್ ಹತ್ತಿರ, ಅದೂ ಕಂಪ್ರೆಸರ್ ಓಡುವಾಗ ನೋಡಿದರೆ 10.3! ಇಂಥ ಬಹಳ ಫ್ರಿಜ್‌ಗಳು ಬ್ಯಾಟರಿ ಕಾಪಾಡಲು ಸುಮಾರು 10.4ಕ್ಕೆ ಬಂದ್ ಆಗುತ್ತವೆ, 11.7 ಸಿಕ್ಕಾಗ ಮತ್ತೆ ಶುರುವಾಗುತ್ತವೆ. ಬಂದ್ ಆದ ಕೂಡಲೇ ವೈರಿನ ಮೇಲೆ ಲೋಡ್ ಇರೋದಿಲ್ಲ, ವೋಲ್ಟೇಜ್ ತಾನೇ 12ಕ್ಕೆ ಏರುತ್ತದೆ. ಫ್ರಿಜ್ ನಂಬಿ ಶುರುವಾಗುತ್ತದೆ, ಮತ್ತೆ ಕುಸಿಯುತ್ತದೆ. ಇಡೀ ದಿನ ಇದೇ ಆಟ.

ನಡುವೆ ಹೋದ ವೋಲ್ಟೇಜ್ ಎಲ್ಲಿ? ನಾನು ಹಾಕಿಸಿದ್ದು 1 ಚದರ ಮಿಮೀ ವೈರ್. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್, ಹೋಗಿ ಬರೋದು ಸೇರಿ 12. ಫ್ರಿಜ್ 5 ಆಂಪಿಯರ್ ಎಳೆದರೆ ವೈರಿನಲ್ಲೇ ಒಂದು ವೋಲ್ಟ್‌ಗಿಂತ ಜಾಸ್ತಿ ಹೋಗುತ್ತದೆ. ಉಳಿದದ್ದನ್ನು ಸಿಗರೇಟ್ ಲೈಟರ್ ಸಾಕೆಟ್ ತಿನ್ನುತ್ತಿತ್ತು. ಮುಟ್ಟಿದರೆ ಬಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ 4 ಚದರ ಮಿಮೀ ತಾಮ್ರದ ವೈರ್ ತಂದು, ಪ್ಲಸ್ ಮೈನಸ್ ಎರಡನ್ನೂ ನೇರ ಬ್ಯಾಟರಿಯಿಂದ ಎಳೆದೆ, ಬ್ಯಾಟರಿ ಬುಡದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿದೆ. ಮೈನಸ್ ಅನ್ನು ಗಾಡಿಯ ತಗಡಿನ ಮೈಗೆ ಜೋಡಿಸಿ ವೈರ್ ಉಳಿತಾಯ ಮಾಡಬೇಡಿ, ಪೇಂಟು ತುಕ್ಕು ಎರಡೂ ಕಾಡುತ್ತವೆ. ಲೈಟರ್ ಸಾಕೆಟ್ ತೆಗೆದು ಬಿಸಾಡಿದೆ. ಈಗ ಓಡುವಾಗ 11.7ರ ಆಸುಪಾಸು ಇರುತ್ತದೆ.

ಕಂಪ್ರೆಸರಿನ ಕಂಟ್ರೋಲ್ ಬೋರ್ಡ್ ಮೇಲೆ ಲೈಟ್ ಇದ್ದರೆ ಅದರ ಮಿಣುಕು ಎಣಿಸಿ. ಬಹಳ ಬೋರ್ಡ್‌ಗಳಲ್ಲಿ ಒಂದು ಸಲ ಅಂದರೆ ವೋಲ್ಟೇಜ್ ಕಡಿಮೆ, ಎರಡು ಅಂದರೆ ಫ್ಯಾನ್ ತೊಂದರೆ, ಮೂರು ಅಂದರೆ ಕಂಪ್ರೆಸರ್ ಶುರುವಾಗುತ್ತಿಲ್ಲ, ಐದು ಅಂದರೆ ಬೋರ್ಡ್ ಬಿಸಿಯಾಗಿದೆ. ನಿಮ್ಮ ಫ್ರಿಜ್ ಪುಸ್ತಕವನ್ನೂ ಒಮ್ಮೆ ನೋಡಿಕೊಳ್ಳಿ.

ಆ ಐದು ಮಿಣುಕು ನಮ್ಮ ಕಡೆ ಬೇಸಿಗೆಯಲ್ಲಿ ಗ್ಯಾರಂಟಿ. ಹೊರಗೆ 42 ಇದ್ದಾಗ ಮುಚ್ಚಿದ ಗಾಡಿಯೊಳಗೆ ಎಷ್ಟಿರುತ್ತದೆ, ನೀವೇ ಹೇಳಿ. ಫ್ರಿಜ್ ತನ್ನ ಬಿಸಿಯನ್ನು ಹೊರಗೆ ಹಾಕಲೇಬೇಕು, ಹಾಕಲು ತಣ್ಣನೆ ಗಾಳಿಯೇ ಇಲ್ಲ. ಜಾಲರಿ ಕಡೆ ಒಂದು ಗೇಣು ಜಾಗ ಬಿಡಿ, ಅಲ್ಲಿ ಹಾಸಿಗೆ ಬ್ಯಾಗು ತುರುಕಬೇಡಿ. ಬೇವಿನ ಮರ ಕಂಡರೆ ನಿಲ್ಲಿಸಿ. ಜನವರಿಯಲ್ಲಿ ನಮ್ಮೂರಲ್ಲಿ ತೊಗರಿ ರಾಶಿ ಮಾಡುವಾಗ ಏಳುವ ಹೊಟ್ಟು ಜಾಲರಿಯಲ್ಲಿ ಮೆತ್ತಿಕೊಳ್ಳುತ್ತದೆ. ನಾನು ಬಿಚ್ಚಿದಾಗ ಒಂದು ಹಿಡಿ ಬಂತು. ಹಳೇ ಪೇಂಟ್ ಬ್ರಷ್ ಸಾಕು, ನೀರು ಬೇಡ.

ಮುಚ್ಚಳದ ರಬ್ಬರ್ ನೋಡಲು ರಾತ್ರಿ ಒಳಗೆ ಫೋನ್ ಟಾರ್ಚ್ ಹಚ್ಚಿಟ್ಟು ಮುಚ್ಚಿ. ಬೆಳಕು ಇಣುಕಿದ ಕಡೆ ಗಾಳಿಯೂ ಹೋಗುತ್ತದೆ.

ಗ್ಯಾಸ್ ಉರಿಯ ಮೇಲೂ ಕರೆಂಟಿನ ಮೇಲೂ ನಡೆಯುವ, ಸದ್ದೇ ಮಾಡದ ಫ್ರಿಜ್ ನಿಮ್ಮದಾಗಿದ್ದರೆ ಲೆಕ್ಕ ಬೇರೆ. ಅದಕ್ಕೆ ಕಂಪ್ರೆಸರ್ ಇರೋದಿಲ್ಲ. ಗಾಡಿ ವಾಲಿ ನಿಂತರೆ ತಣ್ಣಗಾಗೋದಿಲ್ಲ, ಮೊದಲು ಸಮತಟ್ಟಾಗಿ ನಿಲ್ಲಿಸಿ. ಅದರೊಳಗಿನ ಅಮೋನಿಯ ಸೋರಿ ಘಾಟು ಬಂದರೆ ಫ್ರಿಜ್ ಆರಿಸಿ, ಬಾಗಿಲೆಲ್ಲಾ ತೆರೆದು, ಎಲ್ಲರೂ ಕೆಳಗಿಳಿಯಿರಿ. ಅದು ನೀವು ನಾನು ರಿಪೇರಿ ಮಾಡುವಂಥದ್ದಲ್ಲ.

ರಿಪೇರಿ ಆದಮೇಲೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ಒಳಗಿಟ್ಟು, ರಾತ್ರಿ ಕಳೆದು ನೋಡಿ. ನನ್ನದು 5 ತೋರಿಸಿತು. ಇನ್ಸುಲಿನ್ ಇಡುವವರು ಅದನ್ನು ತಣ್ಣನೆಯ ಗೋಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಬಿಸಾಡಬೇಕಾಗುತ್ತದೆ. ಅವ್ವನ ಸೀಸೆಗಳನ್ನು ಈಗ ಸಣ್ಣ ಟವೆಲ್‌ನಲ್ಲಿ ಸುತ್ತಿ, ಶೇಂಗಾ ಹಿಂಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ನಡುವೆ ಇಡುತ್ತೇನೆ. ಬೆಳ್ಳುಳ್ಳಿ ವಾಸನೆ ಬರುತ್ತದೆ ಅಂತ ಅವಳ ತಕರಾರು.