ಮೈಮೇಲಿನ ಕಲೆ ಕೊರೊನಾದ್ದೇ? ಮನೆಯಲ್ಲೇ ನೋಡಿಕೊಳ್ಳುವ ಕ್ರಮ

ಕಲಬುರಗಿಯ ಮೇ ತಿಂಗಳಲ್ಲಿ ಮೈಮೇಲೆ ಏನೂ ಏಳದವರು ಸಿಗುವುದೇ ಅಪರೂಪ. ಬಿಸಿಲು 42 ಡಿಗ್ರಿ ದಾಟಿತೆಂದರೆ ಕುತ್ತಿಗೆ, ಬೆನ್ನು, ಸೊಂಟದ ಸುತ್ತ ಬೆವರುಸಾಲೆ. ಮಳೆಗಾಲಕ್ಕೆ ಗಜಕರ್ಣ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯ ದೂಳಿನ ತುರಿಕೆ. ಇವುಗಳ ಜತೆಗೆ ಜ್ವರ, ಕೆಮ್ಮು ಬಂದರೆ ಕೊರೊನಾದ ಅನುಮಾನ ಏಳುತ್ತದೆ. ಕಲೆಯ ಆಕಾರವೊಂದನ್ನೇ ನೋಡಿ ಕೊರೊನಾ ಎಂದು ಚರ್ಮರೋಗ ತಜ್ಞರೂ ಹೇಳಲಾರರು. ಅವರಿಗೆ ಬೇಕಿರುವುದು ತಾರೀಕು. ಜ್ವರ ಯಾವತ್ತು ಬಂತು, ಕಲೆ ಯಾವತ್ತು ಎದ್ದಿತು, ನಡುವೆ ಯಾವ ಮಾತ್ರೆ ನುಂಗಿದ್ದಾಯಿತು ಎಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಡಿ.

ಆಮೇಲೆ ಕಿಟಕಿಯ ಬೆಳಕಿಗೆ ಬನ್ನಿ. ಟ್ಯೂಬ್‌ಲೈಟಿನಲ್ಲಿ ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದ ಮೇಲೆ ಕೆಂಪು ಸರಿಯಾಗಿ ಕಾಣುವುದಿಲ್ಲ. ವೈದ್ಯ ಪುಸ್ತಕಗಳಲ್ಲಿ ‘ಕೆಂಪು’ ಎಂದಿರುವುದು ಇಲ್ಲಿ ಕಂದು, ನೇರಳೆ ಅಥವಾ ಬರೀ ಕಪ್ಪಾಗಿ ಕಾಣುವುದುಂಟು. ಹಾಗಾಗಿ ಕಣ್ಣಿನ ಜತೆ ಕೈಗೂ ಕೆಲಸ ಕೊಡಿ: ಅಲ್ಲಿ ಚರ್ಮ ಬೆಚ್ಚಗಿದೆಯೇ, ಉಬ್ಬಿದೆಯೇ, ಒರಟಾಗಿದೆಯೇ? ಮೊಬೈಲಿನಲ್ಲಿ ಫ್ಲ್ಯಾಶ್ ಇಲ್ಲದೆ ಎರಡು ಫೋಟೊ ತೆಗೆಯಿರಿ, ಒಂದು ಹತ್ತಿರದಿಂದ, ಒಂದು ದೂರದಿಂದ.

ಮೂರನೆಯದು ಗಾಜಿನ ಲೋಟದ ಪರೀಕ್ಷೆ. ಪಾರದರ್ಶಕ ಲೋಟದ ಬದಿಯನ್ನು ಕಲೆಯ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕವೇ ನೋಡಿ. ಬಣ್ಣ ಮಾಯವಾದರೆ ರಕ್ತ ಇನ್ನೂ ನಾಳದೊಳಗೇ ಇದೆ. ಮಾಯವಾಗದಿದ್ದರೆ ರಕ್ತ ಚರ್ಮದೊಳಕ್ಕೆ ಸೋರಿದೆ. ಜ್ವರದ ಜತೆ ಹೀಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಡೆಂಗಿಯಲ್ಲೂ ಹೀಗಾಗುತ್ತದೆ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. (ಹೃದಯಕ್ಕೆಂದು ಡಾಕ್ಟರು ಬರೆದ ಆಸ್ಪಿರಿನ್ ಇದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.)

ಈಗ ಬಗೆಗಳಿಗೆ ಬರೋಣ. ಕೊರೊನಾ ಖಚಿತವಾದ ಅಥವಾ ಶಂಕೆಯಿದ್ದ, ಚರ್ಮದ ಮೇಲೆ ಏನಾದರೂ ಎದ್ದಿದ್ದ 375 ಮಂದಿಯನ್ನು ಸ್ಪೇನ್‌ನ ಚರ್ಮವೈದ್ಯರು 2020ರಲ್ಲಿ ಐದು ಗುಂಪು ಮಾಡಿದರು. ಅರ್ಧಕ್ಕೆ ಸಮೀಪ, ಅಂದರೆ ಶೇ 47ರಷ್ಟು ಜನರಿಗೆ ಇದ್ದದ್ದು ದಡಾರದಂಥ ಸಣ್ಣ ಚುಕ್ಕೆ, ಗುಳ್ಳೆಗಳು. ಗೊಂದಲವೂ ಇಲ್ಲೇ ಹೆಚ್ಚು. ಹೊಸ ಆಂಟಿಬಯಾಟಿಕ್ ಶುರು ಮಾಡಿ 4ರಿಂದ 14 ದಿನಗಳೊಳಗೆ ಇಂಥ ಚುಕ್ಕೆ ಎದ್ದರೆ ಔಷಧದ ಅಲರ್ಜಿಯ ಮೇಲೆಯೇ ಅನುಮಾನ ಜಾಸ್ತಿ. ಮಾತ್ರೆಯ ಖಾಲಿ ಪಟ್ಟಿಯನ್ನು ಎಸೆಯದೆ ಚೀಟಿಯ ಜತೆ ಇಟ್ಟುಕೊಳ್ಳಿ. ಬಾಯಲ್ಲಿ, ಕಣ್ಣಲ್ಲಿ ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಶೇ 19ರಷ್ಟು ಜನರಿಗೆ ಪಿತ್ತಗಂಧೆ ಎದ್ದಿತ್ತು. ಇದನ್ನು ಗುರುತಿಸಲು ಬಾಲ್‌ಪೆನ್ ಸಾಕು. ದದ್ದಿನ ಸುತ್ತ ಗೆರೆ ಎಳೆದು ಹೊತ್ತು ಬರೆದಿಡಿ. 24 ಗಂಟೆಯೊಳಗೆ ಅದು ಅಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಎದ್ದರೆ ಪಿತ್ತಗಂಧೆಯೇ. ದೊಡ್ಡವರಿಗೆ ರಾತ್ರಿ 10 ಮಿಲಿಗ್ರಾಂ ಸೆಟಿರಿಜಿನ್ ಸಾಮಾನ್ಯವಾಗಿ ಸಾಕಾಗುತ್ತದೆ. ನಿದ್ದೆ ಬರುತ್ತದೆ, ನುಂಗಿದ ಮೇಲೆ ಬೈಕ್ ಮುಟ್ಟಬೇಡಿ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು. ತುಟಿ, ನಾಲಿಗೆ ಊದಿಕೊಂಡರೆ ಮಾತ್ರೆಗೆ ಕಾಯುವಂತಿಲ್ಲ, ಅದು ತುರ್ತು.

ನೀರುಗುಳ್ಳೆ ಎದ್ದವರು ಶೇ 9. ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎನ್ನುವುದು ಇದನ್ನು ನೋಡಿಯೇ. ಸೀತಾಳೆಯಲ್ಲಿ ಒಂದೇ ಜಾಗದಲ್ಲಿ ಹೊಸ ಗುಳ್ಳೆ, ಒಡೆದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಸಿಗುತ್ತವೆ. ಕೊರೊನಾದಲ್ಲಿ ಹೆಚ್ಚಾಗಿ ಎದೆ–ಬೆನ್ನಿನ ಮೇಲೆ, ಎಲ್ಲವೂ ಒಂದೇ ಹಂತದ ಗುಳ್ಳೆಗಳು. ಬೇವಿನ ಸೊಪ್ಪು ಹಾಸುವ ಪದ್ಧತಿಗೆ ನಮ್ಮ ತಕರಾರಿಲ್ಲ, ಡಾಕ್ಟರಿಗೆ ತೋರಿಸದೆ ಐದು ದಿನ ಕೂಡುವುದಕ್ಕೆ ಇದೆ. ದೊಡ್ಡವರಿಗೆ ಸೀತಾಳೆಯಾದರೆ ವೈರಸ್ ಔಷಧವನ್ನು ಗುಳ್ಳೆ ಎದ್ದ ಮೊದಲ 24 ಗಂಟೆಯಲ್ಲಿ ಶುರು ಮಾಡಿದರೆ ಲಾಭ ಹೆಚ್ಚು.

ಹೆಸರು ಮಾಡಿದ್ದು ‘ಕೋವಿಡ್ ಟೋ’. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಲ್ಬೆರಳು ನೇರಳೆಯಾಗಿ ಊದಿ, ತುರಿಸಿ ನೋಯುತ್ತದೆ. ಶೀತದೇಶಗಳಲ್ಲಿ ಚಳಿಗೆ ಆಗುವ ಊತದಂತೆಯೇ ಇರುವುದರಿಂದ ಇದು ನಿಜಕ್ಕೂ ವೈರಸ್‌ನ ಕೆಲಸವೇ ಎಂಬ ಚರ್ಚೆ ಇನ್ನೂ ಇದೆ. ನಮ್ಮ ಬಿಸಿಲಲ್ಲಿ ಗುಡಿ, ದರ್ಗಾದ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಸುಡುವುದು ಅಂಗಾಲು. ಈ ಊತ ಕಾಣುವುದು ಬೆರಳುಗಳಲ್ಲಿ. ಇದು ತಡವಾಗಿ ಬರುತ್ತದೆ, ಆಗ ಮೂಗಿನ ಪರೀಕ್ಷೆ ಮಾಡಿಸಿದರೆ ಅನೇಕರಿಗೆ ನೆಗೆಟಿವ್. ಹೆಚ್ಚಿನವರಿಗೆ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಿಗೆ ಎಳೆದಾಡುತ್ತದೆ. ಬಿಸಿನೀರಲ್ಲಿ ಕಾಲಿಡುವುದಾಗಲಿ, ಐಸ್ ಉಜ್ಜುವುದಾಗಲಿ ಬೇಡ. ಸಕ್ಕರೆ ಕಾಯಿಲೆಯವರ ಬೆರಳು ಕಪ್ಪಾದರೆ ಇದೆಲ್ಲ ಅಲ್ಲ, ಕೂಡಲೇ ತೋರಿಸಿ.

ಐದನೆಯದು ಕಡಿಮೆ, ಶೇ 6, ಆದರೆ ಹೆಚ್ಚು ಭಯದ್ದು: ಕೈಕಾಲಿನ ಮೇಲೆ ಬಲೆ ಹೆಣೆದಂಥ ನೀಲಿ ಗೆರೆ. ವಯಸ್ಸಾದವರಲ್ಲಿ, ರೋಗ ಬಿಗಡಾಯಿಸಿದಾಗ ಕಾಣುತ್ತದೆ. ಆಕ್ಸಿಮೀಟರ್ ಇದ್ದರೆ ನೇಲ್‌ಪಾಲಿಶ್, ಮೆಹೆಂದಿ ಇಲ್ಲದ ಬೆಚ್ಚಗಿನ ಬೆರಳಿಗೆ ಹಾಕಿ. 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆ, 94ರ ಮೇಲಿದ್ದರೂ ಉಸಿರು ಕಟ್ಟುತ್ತಿದ್ದರೆ ಆಸ್ಪತ್ರೆಯೇ.

ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ. ‘ತುರಿಕೆಗೆ ಒಂದು ಟ್ಯೂಬ್ ಕೊಡ್ರಿ’ ಎಂದರೆ ಸಿಗುವುದು ಬಹಳ ಸಲ ಸ್ಟೆರಾಯ್ಡ್ ಬೆರೆತ ಮುಲಾಮು. ಪೊಟ್ಟಣದ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಾಸೋನ್ ಎಂದಿದ್ದರೆ ವಾಪಸ್ ಕೊಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಕಲೆಯ ಚಹರೆ ಬದಲಾಗಿ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ಅದು ಗಜಕರ್ಣವಾಗಿದ್ದರಂತೂ ತೊಡೆಯಿಂದ ಬೆನ್ನಿಗೆ ಹಬ್ಬುತ್ತದೆ. ತೋರಿಸುವ ತನಕ ಕ್ಯಾಲಮೈನ್ ಲೋಷನ್ನನ್ನು ಕುಲುಕಿ ಹಚ್ಚಿ, ಸಡಿಲ ಹತ್ತಿ ಬಟ್ಟೆ ತೊಡಿ. ಗಾಳಿಯಾಡುವ ತಂಪು ಜಾಗದಲ್ಲಿ ಇದ್ದು ಒಂದೆರಡು ದಿನಕ್ಕೆ ಇಳಿದರೆ ಅದು ಬೆವರುಸಾಲೆ.

ಜ್ವರ, ಕೆಮ್ಮು, ಗಂಟಲು ನೋವಿನ ಜತೆ ಕಲೆ ಇದ್ದರೆ ಪರೀಕ್ಷೆ ಮಾಡಿಸಿ. ಮನೆಯ ಕಿಟ್‌ನಲ್ಲಿ ನೆಗೆಟಿವ್ ಬಂದು ಲಕ್ಷಣ ಮುಂದುವರಿದರೆ ಆರ್‌ಟಿಪಿಸಿಆರ್ ಬೇಕು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದ ಜಿಮ್ಸ್ ಕಲಬುರಗಿಯವರಿಗೆ, ಬ್ರಿಮ್ಸ್ ಬೀದರಿನವರಿಗೆ ಇವೆ. ಚೀಟಿ, ಫೋಟೊ, ಮಾತ್ರೆಪಟ್ಟಿ ಮೂರೂ ಜತೆಗಿರಲಿ.

ಚೀಟಿಯನ್ನು ವಾಸಿಯಾದ ಮೇಲೂ ಎಸೆಯಬೇಡಿ. ಕೊರೊನಾ ಬಂದುಹೋದ 2ರಿಂದ 6 ವಾರಗಳಲ್ಲಿ ಮಗುವಿಗೆ ಮತ್ತೆ ಜ್ವರ ಬಂದು, ಮೂರು ದಿನಕ್ಕೂ ಇಳಿಯದೆ, ಮೈಮೇಲೆ ದದ್ದು, ಕೆಂಗಣ್ಣು, ಹೊಟ್ಟೆನೋವು ಕಂಡರೆ ಅದು ಹಲವು ಅಂಗಗಳಿಗೆ ಉರಿಯೂತ ಹಬ್ಬಿದ ಲಕ್ಷಣವಿರಬಹುದು. ಮಕ್ಕಳ ಡಾಕ್ಟರಿಗೆ ಆ ಹಳೇ ತಾರೀಕನ್ನು ಹೇಳಿ, ಕೇಳದಿದ್ದರೂ ಹೇಳಿ. ದೊಡ್ಡವರಲ್ಲಿ ಕೆಲವರಿಗೆ ಎರಡು–ಮೂರು ತಿಂಗಳ ನಂತರ ಬಾಚಣಿಗೆ ತುಂಬ ಕೂದಲು ಬರುತ್ತದೆ. ಜ್ವರದ ಹೊಡೆತಕ್ಕೆ ಬೆಳವಣಿಗೆ ನಿಲ್ಲಿಸಿದ ಕೂದಲು ಆಗ ಉದುರುವುದು. ಬೋಳಾಗುವುದಿಲ್ಲ, ಸುಮಾರು ಆರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ, ದುಬಾರಿ ಎಣ್ಣೆ ಕೊಳ್ಳಬೇಕಿಲ್ಲ.