ಹಳೇ ಫೋಟೊ ತೆಗೆದವರು ಯಾರು? ವಿಳಾಸ ಹಿಡಿದು ಹುಡುಕುವ ಬಗೆ

ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಫೋಟೊ ಸಿಗುತ್ತದೆ. ಫೋಟೊ ಅಂಟಿಸಿದ ರಟ್ಟಿನ ಕೆಳಭಾಗದಲ್ಲಿ ಚಿನ್ನದ ಬಣ್ಣದಲ್ಲಿ ‘ಬೋರ್ನ್ ಅಂಡ್ ಶೆಫರ್ಡ್’ ಎಂದಿರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಸ್ಯಾಮ್ಯುಯೆಲ್ ಬೋರ್ನ್ ಎಂಬ ದೊಡ್ಡ ಹೆಸರು ಬರುತ್ತದೆ. ಅಷ್ಟಕ್ಕೇ ಹುಡುಕಾಟ ಮುಗಿಯಿತು. ‘ನಮ್ಮ ಮುತ್ತಜ್ಜನ ಫೋಟೊ ತೆಗೆದದ್ದು ಬೋರ್ನ್’ ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಿಬಿಡುತ್ತಾರೆ. ಬೋರ್ನ್ ಕಲ್ಕತ್ತಕ್ಕೆ ಬಂದದ್ದು 1863ರಲ್ಲಿ, ಇಂಗ್ಲೆಂಡಿಗೆ ವಾಪಸ್ ಹೊರಟದ್ದು 1870ರಲ್ಲಿ. ಅವನ ಹೆಸರಿನ ಸ್ಟುಡಿಯೊ ಮಾತ್ರ ಕೋಲ್ಕತ್ತದಲ್ಲಿ 2016ರವರೆಗೂ ಬಾಗಿಲು ತೆರೆದಿತ್ತು. ಮುತ್ತಜ್ಜ 1890ರ ಹೊತ್ತಿಗೆ ಪೇಟ ಸುತ್ತಿ ಕೂತಿದ್ದರೆ ಕ್ಯಾಮೆರಾ ಹಿಂದೆ ಇದ್ದವನು ಬೇರೆ ಯಾರೋ.

ಆ ‘ಬೇರೆ ಯಾರೋ’ ಯಾರು, ಅವನು ಎಲ್ಲಿಂದ ಬಂದ, ಎಷ್ಟು ವರ್ಷ ಅಂಗಡಿ ನಡೆಸಿದ, ಆಮೇಲೆ ಎಲ್ಲಿಗೆ ಹೋದ? ಇದನ್ನು ದಾಖಲೆಗಳಿಂದ ಹೊರಗೆ ತೆಗೆಯಬಹುದು. ಅರ್ಧ ಕೆಲಸ ಮನೆಯಲ್ಲಿ ಕೂತೇ ಆಗುತ್ತದೆ. ಕ್ರಮ ತಪ್ಪಿದರೆ ಮಾತ್ರ ಬೇರೆಯವನ ಕಥೆ ನಿಮ್ಮ ಫೋಟೊಗೆ ಅಂಟಿಕೊಳ್ಳುತ್ತದೆ.

ಹಂತ 1: ರಟ್ಟಿನ ಎರಡೂ ಬದಿ ಸ್ಕ್ಯಾನ್ ಮಾಡಿ

ಮುಖಕ್ಕಿಂತ ಬೆನ್ನು ಮುಖ್ಯ. ನಾಲ್ಕು ಅಂಚೂ ಕಾಣುವಂತೆ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಚಂದ ಕಾಣಲಿ ಎಂದು ಕ್ರಾಪ್ ಮಾಡಬೇಡಿ.

ಫೋಟೊ ಆಲ್ಬಮ್ಮಿಗೆ ಅಂಟಿಕೊಂಡಿದೆಯಾ? ಹಬೆ ಹಿಡಿದು ಬಿಡಿಸುವ ವಿಡಿಯೊಗಳನ್ನು ನಂಬಬೇಡಿ. ಆ ಕಾಲದ ಬಹುಪಾಲು ಪ್ರಿಂಟುಗಳು ಮೊಟ್ಟೆಯ ಬಿಳಿ ಲೋಳೆ ಹಚ್ಚಿದ ತೆಳು ಕಾಗದದವು. ನೀರು, ಹಬೆ ತಾಗಿದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಬಿಡದೇ ಇದ್ದರೆ ಹಾಗೇ ಇರಲಿ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ಮುಗಳು ಬರುತ್ತವಲ್ಲ, ಅವಂತೂ ಹಳೇ ಫೋಟೊಗೆ ವಿಷ. ಲ್ಯಾಮಿನೇಷನ್ ಬಗ್ಗೆ ಮಾತೇ ಬೇಡ.

ಹಂತ 2: ಕಾಲದ ಅಂದಾಜು ಕಟ್ಟಿ

ಸುಮಾರು ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದದ ರಟ್ಟಾದರೆ ಅದು ಕಾರ್ಟ್ ದ ವಿಸಿಟ್. ಪ್ಯಾರಿಸ್ಸಿನ ಫೋಟೊಗ್ರಾಫರ್ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದ ಅಳತೆ ಅದು. ನಾಲ್ಕೂಕಾಲಿಗೆ ಆರೂವರೆ ಇಂಚಿನ ದೊಡ್ಡದು ಕ್ಯಾಬಿನೆಟ್ ಕಾರ್ಡ್. ಅದು ಬಂದದ್ದು 1866ರಲ್ಲಿ. ತೆಳು ರಟ್ಟು, ಚೂಪು ಮೂಲೆ ಇದ್ದರೆ 1860ರ ದಶಕದ ಕಡೆಗೆ. ದಪ್ಪ ರಟ್ಟು, ಗುಂಡು ಮೂಲೆ, ಚಿನ್ನದ ಅಂಚು ಇದ್ದರೆ ಅದಕ್ಕಿಂತ ಈಚೆಗೆ. ಹಳೇ ರಟ್ಟಿನ ಸ್ಟಾಕು ಖರ್ಚಾಗುವವರೆಗೂ ಬಳಸುತ್ತಿದ್ದವರು ಇದ್ದರು, ಹಾಗಾಗಿ ಇದರಿಂದಲೇ ವರ್ಷ ಬರೆದುಬಿಡಬೇಡಿ.

ನನಗೆ ರಟ್ಟಿಗಿಂತ ಅದರ ಮೇಲೆ ಫೋಟೊಗ್ರಾಫರ್ ಅಚ್ಚು ಹಾಕಿಸಿದ ಬಿರುದುಗಳ ಮೇಲೆ ನಂಬಿಕೆ ಜಾಸ್ತಿ. ‘ಮೈಸೂರು ಮಹಾರಾಣಿ ರೀಜೆಂಟರ ಫೋಟೊಗ್ರಾಫರ್’ ಎಂದಿದ್ದರೆ ಅದು ರೀಜೆನ್ಸಿಯ ಕಾಲ, ಅಂದರೆ ವಾಣಿವಿಲಾಸ ಸನ್ನಿಧಾನ ಚಿಕ್ಕ ಮಗನ ಪರವಾಗಿ ಆಡಳಿತ ನಡೆಸಿದ ಕಾಲ. ಅವರ ಗಂಡ ಚಾಮರಾಜೇಂದ್ರ ಒಡೆಯರ್ ತೀರಿಕೊಂಡದ್ದು 1894ರ ಡಿಸೆಂಬರ್ ಕೊನೆಗೆ, ರೀಜೆನ್ಸಿ ಮುಗಿದದ್ದು 1902ರಲ್ಲಿ. ಇಷ್ಟರೊಳಗೇ ಆ ರಟ್ಟು ಅಚ್ಚಾಗಿರಬೇಕು. ವಿಕ್ಟೋರಿಯಾಳನ್ನು ‘ಎಂಪ್ರೆಸ್ ಆಫ್ ಇಂಡಿಯಾ’ ಎಂದು ಕರೆದಿದ್ದರೆ 1877ಕ್ಕಿಂತ ಮುಂಚಿನದಾಗಿರುವುದು ಕಷ್ಟ. ‘ಲೇಟ್ ಆಫ್ ಮದ್ರಾಸ್’ ಎಂದಿದ್ದರೆ ಮೊದಲು ಮದ್ರಾಸಿನಲ್ಲಿ ಇದ್ದವನು ಎಂದಷ್ಟೇ. ಪಾಪ, ಬದುಕಿದ್ದವನನ್ನೇ ಸತ್ತ ಎಂದು ಬರೆದವರಿದ್ದಾರೆ.

ಹಂತ 3: ಡೈರೆಕ್ಟರಿ ತೆರೆಯಿರಿ

ಡೈರೆಕ್ಟರಿ ಎಂದರೆ ಊರೂರಿನ ಅಂಗಡಿ, ನಿವಾಸಿಗಳ ಹೆಸರು, ವಿಳಾಸ ಇರುವ ವರ್ಷವಾರು ಪುಸ್ತಕ. ಥ್ಯಾಕರ್ಸ್ ಡೈರೆಕ್ಟರಿ 1864ರಿಂದ ಬಂಗಾಳಕ್ಕೆ ಇತ್ತು, 1885ರಿಂದ ಇಡೀ ಭಾರತಕ್ಕೆ. ಬೆಂಗಳೂರು, ಮದ್ರಾಸು, ಊಟಿ ಕಡೆಯವರಿಗೆ ಅಂಥದೇ ಪುಸ್ತಕವಾದ ಮದ್ರಾಸಿನ ಅಸೈಲಂ ಪ್ರೆಸ್ ಆಲ್ಮನಾಕ್ ಹೆಚ್ಚು ಉಪಯೋಗ. ಕೆಲವು ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸರ್ಚ್ ಬಾಕ್ಸಿನಲ್ಲಿ ಹೆಸರು ಹಾಕಿ ‘ಇಲ್ಲ’ ಎಂದು ಎದ್ದುಬಿಡಬೇಡಿ. ಮಾಸಿದ ಸಣ್ಣಕ್ಷರವನ್ನು ಕಂಪ್ಯೂಟರ್ ತಪ್ಪು ತಪ್ಪಾಗಿ ಓದಿರುತ್ತದೆ. ಊರಿನ ಪುಟಕ್ಕೆ ಹೋಗಿ, ಕಣ್ಣಿನಿಂದಲೇ ಓದಿ.

ಇನ್ನೊಂದು ವಿಷಯ. 1885ರ ಡೈರೆಕ್ಟರಿಗೆ ಮಾಹಿತಿ ಸೇರಿಸಿದ್ದು 1884ರಲ್ಲಿ. ಅಂಗಡಿ ಮುಚ್ಚಿದ ಮೇಲೂ ಒಂದೆರಡು ವರ್ಷ ಹೆಸರು ಹಾಗೇ ಉಳಿದಿರಬಹುದು.

ಹಂತ 4: ಹೆಸರು ಬಿಡಿ, ಬಾಗಿಲು ಹಿಡಿಯಿರಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ನಿಧಾನ ಮಾಡಿ.

ಆಗ ಸ್ಟುಡಿಯೊ ಎಂದರೆ ಬಾಡಿಗೆಗೆ ಸಿಕ್ಕ ಯಾವುದೋ ಕೋಣೆ ಆಗುತ್ತಿರಲಿಲ್ಲ. ಕರೆಂಟ್ ದೀಪ ಇಲ್ಲ. ಬೆಳಕಿಗೆ ಗಾಜಿನ ಮಾಡು ಬೇಕು, ಅದೂ ಬಿಸಿಲು ನೇರ ಬೀಳದ ಉತ್ತರದ ಕಡೆಗೆ. ಗಾಜಿನ ಪ್ಲೇಟು ಹಸಿಯಾಗಿರುವಾಗಲೇ ಫೋಟೊ ತೆಗೆದು ತೊಳೆಯುವ ಕಾಲದಲ್ಲಿ ಪಕ್ಕದಲ್ಲೇ ಕತ್ತಲೆ ಕೋಣೆ, ಕೈಗೆಟಕುವ ನೀರು ಇರಬೇಕು. ಇಷ್ಟು ಖರ್ಚು ಮಾಡಿ ಕಟ್ಟಿದ ಜಾಗವನ್ನು ಒಬ್ಬ ಫೋಟೊಗ್ರಾಫರ್ ಬಿಟ್ಟರೆ ಅದಕ್ಕೆ ಇನ್ನೊಬ್ಬ ಫೋಟೊಗ್ರಾಫರನೇ ಒಳ್ಳೆಯ ಗಿರಾಕಿ. ಹೆಸರು ಮಾಯವಾದ ಕಡೆ ಅದೇ ವಿಳಾಸದಲ್ಲಿ ಮುಂದಿನ ವರ್ಷ ಯಾರಿದ್ದಾರೆ ನೋಡಬೇಕಾದದ್ದು ಇದಕ್ಕೇ.

ಒಂದು ಉದ್ದ ಹಾಳೆ ತೆಗೆದುಕೊಳ್ಳಿ. ಎಕ್ಸೆಲ್ ಆದರೂ ಸರಿ. ವರ್ಷಕ್ಕೊಂದು ಸಾಲು. ಸ್ಟುಡಿಯೊ ಹೆಸರು, ವಿಳಾಸ, ಮಾಲೀಕರು, ಕೆಲಸಗಾರರು, ಬೇರೆ ಊರಿನ ಶಾಖೆ ಎಂದು ಕಲಂ ಮಾಡಿ. ಅಚ್ಚಿನಲ್ಲಿ ಇದ್ದ ಹಾಗೇ ಬರೆಯಿರಿ, ಕಾಗುಣಿತ ತಿದ್ದಬೇಡಿ. ಡೈರೆಕ್ಟರಿ ಸಿಗದ ವರ್ಷದ ಸಾಲನ್ನು ಖಾಲಿ ಬಿಡಿ. ಖಾಲಿ ಸಾಲು ನೋಡಿ ‘ಆ ವರ್ಷ ಸ್ಟುಡಿಯೊ ಮುಚ್ಚಿತ್ತು’ ಎನ್ನಬೇಡಿ.

ಹೆಸರು ಹೇಗೆಲ್ಲ ಬದಲಾಗುತ್ತದೆ ಎಂಬುದಕ್ಕೆ ಬೋರ್ನನೇ ಉದಾಹರಣೆ. ಕಲ್ಕತ್ತದ ವಿಲಿಯಂ ಹೊವಾರ್ಡ್ ಜೊತೆ ಸೇರಿದಾಗ ‘ಹೊವಾರ್ಡ್ ಅಂಡ್ ಬೋರ್ನ್’. ಆಗ್ರಾದಲ್ಲಿ ‘ಶೆಫರ್ಡ್ ಅಂಡ್ ರಾಬರ್ಟ್‌ಸನ್’ ನಡೆಸುತ್ತಿದ್ದ ಚಾರ್ಲ್ಸ್ ಶೆಫರ್ಡ್ ಬಂದ ಮೇಲೆ ‘ಹೊವಾರ್ಡ್, ಬೋರ್ನ್ ಅಂಡ್ ಶೆಫರ್ಡ್’. ಹೊವಾರ್ಡ್ ಹೋದ ಮೇಲೆ ‘ಬೋರ್ನ್ ಅಂಡ್ ಶೆಫರ್ಡ್’. ಇಷ್ಟೂ ಆದದ್ದು ಕೆಲವೇ ವರ್ಷಗಳಲ್ಲಿ. ಮದ್ರಾಸಿನ ‘ನಿಕೋಲಸ್ ಅಂಡ್ ಕೋ’ ಒಂದು ಕಾಲಕ್ಕೆ ‘ನಿಕೋಲಸ್ ಅಂಡ್ ಕರ್ತ್ಸ್’ ಆಗಿತ್ತು. ‘ವೀಲೆ ಅಂಡ್ ಕ್ಲೈನ್’ ಮುಂದೆ ‘ಕ್ಲೈನ್ ಅಂಡ್ ಪೆಯೆರ್ಲ್’ ಆಯಿತು. ಬೆಂಗಳೂರಿನಲ್ಲಿ ‘ಆರ್ ಅಂಡ್ ಬಾರ್ಟನ್’ ಎಂಬುದೂ ಸಿಗುತ್ತದೆ, ‘ಬಾರ್ಟನ್, ಸನ್ ಅಂಡ್ ಕೋ’ ಎಂಬುದೂ ಸಿಗುತ್ತದೆ. ಎರಡೂ ಕಡೆ ಬಾರ್ಟನ್ ಇದ್ದಾನೆ ಎಂದು ಒಂದೇ ಸಾಲಿಗೆ ಸೇರಿಸಬೇಡಿ. ಬೇರೆ ಬೇರೆ ಬರೆದು, ವಿಳಾಸ ಕೂಡುತ್ತದಾ ನೋಡಿ.

ಅದೇ ಬಾಗಿಲಿಗೆ ಹೊಸ ಹೆಸರು ಬಂದಾಗ ಮೂರರಲ್ಲಿ ಒಂದು ಆಗಿರುತ್ತದೆ: ಅದೇ ಮನುಷ್ಯ ಹೊಸ ಪಾಲುದಾರನ ಜೊತೆ ಸೇರಿದ್ದಾನೆ, ಇನ್ನೊಬ್ಬ ವ್ಯಾಪಾರವನ್ನೇ ಕೊಂಡಿದ್ದಾನೆ, ಇಲ್ಲವೇ ಸಂಬಂಧವಿಲ್ಲದವನು ಸುಮ್ನೆ ಖಾಲಿ ಜಾಗಕ್ಕೆ ಬಂದಿದ್ದಾನೆ. ಯಾವುದು ಎಂದು ತಿಳಿಯಲು ರಟ್ಟಿನ ಬೆನ್ನಿನ ನೆಗೆಟಿವ್ ನಂಬರ್ ನೋಡಿ. ‘ನೆಗೆಟಿವ್ ಇಟ್ಟಿದ್ದೇವೆ, ಪ್ರತಿ ಸಿಗುತ್ತದೆ’ ಎಂಬ ಅಚ್ಚಿನ ಪಕ್ಕ ಪೆನ್ಸಿಲಿನಲ್ಲೋ ಶಾಯಿಯಲ್ಲೋ 4312 ಎಂದೇನೋ ಗೀಚಿರುತ್ತದೆ. ಹೊಸ ಹೆಸರಿನ ರಟ್ಟುಗಳಲ್ಲಿ ಹಳೇ ನಂಬರ್ ಸರಣಿಯೇ ಮುಂದುವರಿದಿದ್ದರೆ ನೆಗೆಟಿವ್ ಪೆಟ್ಟಿಗೆಗಳ ಸಮೇತ ವ್ಯಾಪಾರ ಕೈ ಬದಲಾಗಿದೆ ಎನ್ನಬಹುದು. ಒಂದರಿಂದ ಮತ್ತೆ ಶುರುವಾಗಿದ್ದರೆ ಅನುಮಾನಿಸಿ. ಇದೇ ನಂಬರಿನಿಂದ ಇನ್ನೊಂದು ಲಾಭವೂ ಇದೆ. ಒಂದೇ ಸ್ಟುಡಿಯೊದ, ದಿನಾಂಕ ಗೊತ್ತಿರುವ ಎರಡು ಫೋಟೊ ಸಿಕ್ಕರೆ ನಿಮ್ಮ ನಂಬರ್ ಆ ಎರಡರ ನಡುವೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಬಹುದು.

ನಂಬರ್ ಇಲ್ಲದಿದ್ದರೆ ಡೈರೆಕ್ಟರಿಯ ಹಿಂದಿನ ಭಾಗಕ್ಕೆ ಹೋಗಿ. ಅಲ್ಲಿ ಊರಿನಲ್ಲಿದ್ದವರ ಅಕಾರಾದಿ ಪಟ್ಟಿ ಇರುತ್ತದೆ. ಹೆಸರಿನ ಮುಂದೆ ‘ಅಸಿಸ್ಟೆಂಟ್, ಇಂಥ ಅಂಡ್ ಕೋ’ ಎಂದು ಕಾಣುವವನೇ ಎಷ್ಟೋ ಸಲ ನಿಜವಾಗಿ ಕ್ಯಾಮೆರಾ ಹಿಡಿದವನು. ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಪರದೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ಇಟ್ಟಿದ್ದರು. ಅಲ್ಲಿ ಫೋಟೊ ತೆಗೆಯುತ್ತಿದ್ದದ್ದು ಮಿಸೆಸ್ ಕೆನ್ನಿ-ಲೆವಿಕ್ ಎಂಬ ಮಹಿಳೆ. ನಿಮ್ಮ ಕೈಲಿರುವುದು ಅಂಥ ಮನೆತನದ ಅಜ್ಜಿಯ ಫೋಟೊ ಆಗಿದ್ದರೆ ರಟ್ಟಿನ ಹೆಸರಿಗೇ ನಿಲ್ಲಬೇಡಿ.

ವಿಳಾಸದಲ್ಲೂ ಮೋಸ ಹೋಗಬಹುದು. ಬೆಂಗಳೂರಿನ ಸೌತ್ ಪೆರೇಡ್ ಈಗಿನ ಎಂ.ಜಿ. ರಸ್ತೆ. ಆಗಿನ ಮನೆ ನಂಬರನ್ನು ಈಗಿನ ಮ್ಯಾಪಿನಲ್ಲಿ ಹುಡುಕಿದರೆ ಬೇರೆಲ್ಲೋ ನಿಲ್ಲುತ್ತೀರಿ. ಅಕ್ಕಪಕ್ಕದ ಅಂಗಡಿಗಳ ಹೆಸರನ್ನೂ ಬರೆದುಕೊಳ್ಳಿ. ನಂಬರ್ ಬದಲಾದರೂ ಪಕ್ಕದ ಔಷಧಿ ಅಂಗಡಿ ಅಲ್ಲೇ ಇದ್ದರೆ ಕಟ್ಟಡ ಅದೇ ಎಂದು ಧೈರ್ಯವಾಗಿ ಹೇಳಬಹುದು. ‘ಮದ್ರಾಸ್ ಮತ್ತು ಊಟಕಮಂಡ್’ ಎಂದು ಎರಡು ಊರು ಅಚ್ಚಾಗಿದ್ದರೆ ಎರಡು ಕಡೆಯೂ ವರ್ಷವಿಡೀ ಕೆಲಸ ಇತ್ತು ಎಂದುಕೊಳ್ಳಬೇಡಿ. ಬೇಸಿಗೆಗೆ ಮದ್ರಾಸಿನ ಸರ್ಕಾರವೇ ಬೆಟ್ಟ ಹತ್ತುತ್ತಿತ್ತು, ಗಿರಾಕಿಗಳ ಹಿಂದೆ ಫೋಟೊಗ್ರಾಫರೂ ಹತ್ತುತ್ತಿದ್ದ.

ಇಷ್ಟೆಲ್ಲ ಯಾಕೆ, ಫೋಟೊ ಹಾಕಿದರೆ ವರ್ಷ ಹೇಳುವ ಆ್ಯಪ್ ಇದೆಯಲ್ಲ ಎನ್ನುತ್ತಾರೆ. ಒಂದೇ ಫೋಟೊವನ್ನು ಸ್ವಲ್ಪ ಕಪ್ಪು ಮಾಡಿ, ಸ್ವಲ್ಪ ಬೆಳ್ಳಗೆ ಮಾಡಿ ಕೊಟ್ಟು ನೋಡಿ. ಉತ್ತರ ಬದಲಾದರೆ ಅದರ ಬೆಲೆ ನಿಮಗೇ ತಿಳಿಯುತ್ತದೆ.

ಹಂತ 5: ಚರ್ಚಿನ ರಿಜಿಸ್ಟರ್

ಬ್ರಿಟನ್ನಿನ ಜನಗಣತಿಯಲ್ಲಿ 1841ರಿಂದ ಮನೆ ಮನೆಯ ಹಾಳೆಯೇ ಸಿಗುತ್ತದೆ, ಕಸುಬೂ ಬರೆದಿರುತ್ತದೆ. ನಮ್ಮಲ್ಲಿ ಅಂಥ ಹಾಳೆಗಳನ್ನು ಉಳಿಸಿಲ್ಲ. ಯುರೋಪಿಯನ್, ಆಂಗ್ಲೋ-ಇಂಡಿಯನ್ ಫೋಟೊಗ್ರಾಫರುಗಳ ಮಟ್ಟಿಗೆ ಆ ಕೊರತೆ ತುಂಬುವುದು ಮಕ್ಕಳ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ. ಅದರಲ್ಲಿ ತಂದೆಯ ಕಸುಬು, ವಾಸದ ಊರು ಎರಡೂ ಇರುತ್ತವೆ. ಎರಡೆರಡು ವರ್ಷಕ್ಕೆ ಒಂದು ಮಗು ಹುಟ್ಟುತ್ತಿದ್ದ ಕಾಲ. ಮೊದಲ ಮಗುವಿಗೆ ತಂದೆ ‘ಸಾರ್ಜೆಂಟ್, ಬೆಂಗಳೂರು’, ಎರಡನೆಯದಕ್ಕೆ ‘ಫೋಟೊಗ್ರಾಫರ್, ಬೆಂಗಳೂರು’, ಮೂರನೆಯದಕ್ಕೆ ‘ಫೋಟೊಗ್ರಾಫರ್, ಊಟಿ’ ಎಂದಿದ್ದರೆ ಪಟ್ಟಾಳ ಬಿಟ್ಟು ಕ್ಯಾಮೆರಾ ಹಿಡಿದ ಕಥೆ ಪೂರಾ ಸಿಕ್ಕಿತು, ಅಲ್ವಾ?

ಈ ರಿಜಿಸ್ಟರುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿನ ಕಡತ ಸಂಖ್ಯೆ ಹೀಗೆ: ಎನ್/1 ಬಂಗಾಳ, ಎನ್/2 ಮದ್ರಾಸು, ಎನ್/3 ಬೊಂಬಾಯಿ. ಬೆಂಗಳೂರು ದಂಡಿನವರನ್ನು ಎನ್/2ರಲ್ಲಿ ಹುಡುಕಿ. ಬ್ರಿಟಿಷ್ ಭಾರತದಲ್ಲಿದ್ದ ಕುಟುಂಬಗಳ ದಾಖಲೆ ಹುಡುಕುವವರ ಫಿಬಿಸ್ ಎಂಬ ಸಂಘದ ಜಾಲತಾಣದಲ್ಲಿ ಹುಡುಕಾಟ ಪುಕ್ಕಟೆ, ಫ್ಯಾಮಿಲಿಸರ್ಚ್ ಎಂಬ ತಾಣದಲ್ಲೂ ಪುಕ್ಕಟೆ. ದುಡ್ಡು ಕೊಟ್ಟು ಸೇರುವ ತಾಣಗಳಿಗೆ ಕೊನೆಯಲ್ಲಿ ಹೋಗಿ. ಅಲ್ಲಿ ಬೇರೆಯವರು ಕಟ್ಟಿಟ್ಟ ವಂಶವೃಕ್ಷಗಳನ್ನು ಮಾತ್ರ ನಕಲು ಮಾಡಬೇಡಿ.

ಫೋಟೊಗ್ರಾಫರ್ ಭಾರತದಲ್ಲೇ ತೀರಿಕೊಂಡಿದ್ದರೆ ಬ್ರಿಟಿಷ್ ಲೈಬ್ರರಿಯಲ್ಲೇ ಉಯಿಲುಗಳು ಎಲ್/ಎಜಿ/34/29ರಲ್ಲಿ, ಆಸ್ತಿಯ ಪಟ್ಟಿಗಳು ಎಲ್/ಎಜಿ/34/27ರಲ್ಲಿ ಇವೆ. ಕ್ಯಾಮೆರಾ, ಲೆನ್ಸು, ಹಿನ್ನೆಲೆಯ ಪರದೆ ಎಂದು ಒಂದೊಂದೇ ಬರೆದ ಪಟ್ಟಿ ಸಿಕ್ಕರೆ ಅದೃಷ್ಟ. ಕೆಲವದರಲ್ಲಿ ಹರಾಜಿನಲ್ಲಿ ಕೊಂಡವರ ಹೆಸರೂ ಇರುತ್ತದೆ. ಆ ಹೆಸರನ್ನು ನಿಮ್ಮ ಉದ್ದ ಹಾಳೆಯ ಮುಂದಿನ ವರ್ಷದಲ್ಲಿ ಹುಡುಕಿ.

ನಮ್ಮವರನ್ನು ಹುಡುಕುವಾಗ

ಭಾರತೀಯ ಫೋಟೊಗ್ರಾಫರುಗಳಿಗೆ ಮೇಲಿನ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಡೈರೆಕ್ಟರಿಗಳ ಕಣ್ಣು ದಂಡಿನ ಮೇಲೆ, ಪೇಟೆಯ ಮೇಲೆ ಕಡಿಮೆ. ಹಿಂದೂ, ಮುಸ್ಲಿಮರ ಹೆಸರು ಚರ್ಚಿನ ಪುಸ್ತಕದಲ್ಲಿ ಬರುವುದೂ ಇಲ್ಲ. ಇವರನ್ನು ಸರ್ಕಾರ, ಅರಮನೆಗಳ ಕಾಗದದಲ್ಲೇ ಹುಡುಕಬೇಕು. ದೀನ್ ದಯಾಳ್ ದಾರಿಯನ್ನೇ ನೋಡಿ. 1844ರಲ್ಲಿ ಮೀರತ್ ಹತ್ತಿರದ ಸರ್ಧನಾದಲ್ಲಿ ಹುಟ್ಟಿ, ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಓದಿ, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆ ಸೇರಿ, ಆಮೇಲೆ ನಿಜಾಮರ ಆಸ್ಥಾನಕ್ಕೆ ಬಂದವರು. 1905ರಲ್ಲಿ ತೀರಿಕೊಂಡರು. ಕಾಲೇಜು, ಇಲಾಖೆ, ಆಸ್ಥಾನ, ಒಂದೊಂದೂ ಒಂದೊಂದು ಕಡತದ ಬಾಗಿಲು. ಮದ್ರಾಸಿನಲ್ಲಿ ಅಲೆಗ್ಸಾಂಡರ್ ಹಂಟರ್ 1850ರಲ್ಲಿ ಶುರು ಮಾಡಿದ ಕಲಾಶಾಲೆಯ ವರದಿಗಳು, ಲಂಡನ್ನಿನಲ್ಲಿ 1886ರಲ್ಲಿ ನಡೆದ ವಸಾಹತು ಮತ್ತು ಭಾರತೀಯ ಪ್ರದರ್ಶನದಂಥವುಗಳ ಕ್ಯಾಟಲಾಗ್ ಕೂಡ ನೋಡಿ.

ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿ, ಯಾವ ಇಲಾಖೆ, ಯಾವ ವರ್ಷ ಎಂದು ಬರೆದ ಚೀಟಿ ಒಯ್ಯಿರಿ. ‘ಹಳೇ ಫೋಟೊ ಬಗ್ಗೆ ಏನಾದ್ರೂ ಇದೆಯಾ ಸಾರ್?’ ಎಂದರೆ ಯಾರೂ ಏನೂ ಮಾಡಲಾಗದು. ಮಂಗಳೂರು, ಧಾರವಾಡ ಕಡೆಯ ಮನೆತನದವರು ಮೊದಲು ಬಾಸೆಲ್ ಮಿಷನ್ನಿನ ಚಿತ್ರ ಸಂಗ್ರಹವನ್ನು ಆನ್‌ಲೈನಿನಲ್ಲಿ ನೋಡಲಿ.

ಕಾಗುಣಿತಕ್ಕೆ ತಯಾರಾಗಿರಿ. ಮುದಲಿಯಾರ್ ಎಂಬುದು ಮೂಡೆಲ್ಲಿ, ಮೂಡ್ಲಿಯರ್, ಮುಡಲಿ ಎಂದೆಲ್ಲ ಇರುತ್ತದೆ. ಇನಿಷಿಯಲ್ ಒಂದು ಸಲ ಮುಂದೆ, ಒಂದು ಸಲ ಹಿಂದೆ. ಇವರಿಗೂ ಬಾಗಿಲು ಹಿಡಿಯುವ ಉಪಾಯವೇ ಸರಿ.

ಎಲ್ಲ ಮುಗಿದ ಮೇಲೆ ಒಂದು ಪುಟದಲ್ಲಿ ವರ್ಷವಾರು ಬರೆಯಿರಿ. ಪ್ರತಿ ಸಾಲಿಗೂ ಯಾವ ದಾಖಲೆ, ಯಾವ ಪುಟ ಎಂದು ಸೇರಿಸಿ. ಊಹೆಯ ಸಾಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ. ರಟ್ಟಿನ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗುರುತು ಮುಂದಿನ ಮುಖಕ್ಕೂ ಮೂಡುತ್ತದೆ. ಪುಟದ ಒಂದು ಪ್ರತಿಯನ್ನು ಮಡಚಿ, ಫೋಟೊ ಇಟ್ಟ ಲಕೋಟೆಯ ಜೊತೆಗೆ ಬೇರೆ ಲಕೋಟೆಯಲ್ಲಿ ಇಡಿ.