ತುಘಲಕ್ ನೋಡಿದವರನ್ನು ನೋಡಿದ್ದು

ನಾಟಕದಲ್ಲಿ ನನಗೆ ಪಾತ್ರ ಇರಲಿಲ್ಲ. ಕೊನೇ ಸಾಲಿನ ಹಿಂದೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಲ್ಲುವುದೇ ನನ್ನ ಕೆಲಸ. ಕೈಯಲ್ಲೊಂದು ಗೆರೆಪಟ್ಟಿ, ಅಂದರೆ ಗೆರೆ ಹಾಕಿದ ನೋಟುಬುಕ್ಕು, ಕೆಂಪು ಕಾಗದ ಸುತ್ತಿದ ಸಣ್ಣ ಬ್ಯಾಟರಿ. ರಂಗದ ಮೇಲೆ ಏನಾಗುತ್ತಿದೆ ಅನ್ನುವುದು ಎಡಗಡೆ, ಜನ ಏನು ಮಾಡುತ್ತಿದ್ದಾರೆ ಅನ್ನುವುದು ಬಲಗಡೆ. ಹದಿನೈದು ವರ್ಷದಿಂದ ನಮ್ಮ ತಂಡದ ಪ್ರತಿ ನಾಟಕಕ್ಕೂ ಹೀಗೇ ಬರೆದುಕೊಂಡು ಬಂದಿದ್ದೇನೆ. ಪಟ್ಟಿ ಇಷ್ಟು ಉಪಯೋಗಕ್ಕೆ ಬಂದದ್ದು ಮಾತ್ರ ಈ ಸಲವೇ.

ನಾಟಕ ಗಿರೀಶ ಕಾರ್ನಾಡರ ತುಘಲಕ್. ಶಿರಸಿಯಲ್ಲೊಂದು ಪ್ರದರ್ಶನ, ವಾರ ಬಿಟ್ಟು ಕಾರವಾರದಲ್ಲೊಂದು. ಸುಲ್ತಾನನ ಪಾತ್ರಕ್ಕೆ ಸಿನಿಮಾದಲ್ಲಿ ಹೆಸರು ಮಾಡಿದ ನಟರೊಬ್ಬರು, ಮಲತಾಯಿಗೆ ದಿನಾ ಸಂಜೆ ಟಿವಿಯಲ್ಲಿ ಮನೆಮನೆಗೆ ಬರುವ ನಟಿ. ಉಳಿದವರೆಲ್ಲ ನಾವೇ: ಇಬ್ಬರು ಮೇಷ್ಟ್ರು, ಸೊಸೈಟಿ ಗುಮಾಸ್ತ, ಅಡಿಕೆ ವ್ಯಾಪಾರಿ, ಕಾಲೇಜು ಹುಡುಗರು. ಅನುಮತಿ, ಗೌರವಧನ, ಪೋಸ್ಟರು, ಲಾರಿ ಬಾಡಿಗೆ ಎಲ್ಲ ಯಾವ ನಾಟಕಕ್ಕೂ ಇದ್ದದ್ದೇ, ಬಿಡಿ.

ಶಿರಸಿಯಲ್ಲಿ ತುಘಲಕ್ ಅಂದರೆ ಸ್ವಲ್ಪ ಭಯವೇ. ಕಾರ್ನಾಡರು ಬಾಲ್ಯ ಕಳೆದ ಊರು ಇದು. ಇಲ್ಲಿ ಕಂಪನಿ ನಾಟಕ, ಯಕ್ಷಗಾನ ನೋಡಿ ಬೆಳೆದವರು 1964ರಲ್ಲಿ, ತಮ್ಮ 26ನೇ ವಯಸ್ಸಿಗೆ ಬರೆದ ನಾಟಕ. ಮೇಲಾಗಿ ಸಿ.ಆರ್. ಸಿಂಹ ಅವರು ಸುಲ್ತಾನನಾಗಿದ್ದ ತುಘಲಕ್ ನೋಡಿದವರು ಊರಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ, ನಾಲ್ವರೂ ಮುಂದಿನ ಸಾಲಿಗೇ ಬಂದು ಕೂತಿದ್ದರು. ಅವರನ್ನು ಒಪ್ಪಿಸುವುದು ಯಾರಿಂದಲೂ ಆಗುವ ಕೆಲಸವಲ್ಲ ಅಂತ ನಾನು ಮೊದಲೇ ಕೈಬಿಟ್ಟಿದ್ದೆ.

ಮೊದಲ ದೃಶ್ಯ. 1327ರ ದಿಲ್ಲಿ, ನ್ಯಾಯಾಲಯದ ಹೊರಗೆ ಗುಂಪು ಸೇರಿ ಮಾತಾಡಿಕೊಳ್ಳುತ್ತಿದೆ. ಸುಲ್ತಾನನ ವಿರುದ್ಧ ಒಬ್ಬ ಬ್ರಾಹ್ಮಣ ದೂರು ಕೊಟ್ಟು ಗೆದ್ದಿದ್ದಾನೆ. ಆಮೇಲೆ ಸುಲ್ತಾನ ಬಂದು, ಆ ತೀರ್ಪನ್ನು ತಾನು ಒಪ್ಪಿದ್ದೇನೆಂದು ಹೇಳಿ, ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ವಿಷಯ ತೆಗೆಯುತ್ತಾನೆ. ಇಡೀ ನಾಟಕ ನಿಂತಿರುವುದು ಆ ನಾಲ್ಕು ಮಾತಿನ ಮೇಲೆ. ನಮ್ಮ ನಟರು ಬಂದು ಬಾಯಿ ತೆರೆದದ್ದೇ ತಡ, ಶಿಳ್ಳೆ. ಹಿಂದಿನ ಸಾಲಿನ ಹುಡುಗರು ಅವರ ಸಿನಿಮಾದ ಡೈಲಾಗನ್ನೇ ಕೂಗಿದರು. ಮೊಬೈಲುಗಳು ಒಂದೊಂದಾಗಿ ಮೇಲೆದ್ದವು. ನಾನು ಎಣಿಸಿದೆ: ಬೆಳಗುತ್ತಿದ್ದ ಪರದೆ 41. ನಟರು ಪಾಪ, ಒಂದು ಕ್ಷಣ ತಡೆದು ನೋಡಿದರು, ಆಮೇಲೆ ಮಾತು ಮುಂದುವರಿಸಿದರು. ತೀರ್ಪಿನ ವಿಷಯ ಗದ್ದಲದಲ್ಲಿ ಕೊಚ್ಚಿಹೋಯಿತು. ವಿರಾಮದಲ್ಲಿ ಕಷಾಯ ಕುಡಿಯುತ್ತ ಒಬ್ಬರು ನನ್ನನ್ನೇ ಕೇಳಿದರು, 'ಅಲ್ಲ, ಅಂವ ದಿಲ್ಲಿ ಬಿಟ್ಟು ಹೋಪದು ಎಂತಕ್ಕೆ?'

ಹೊರಗೆ ಮೇಜಿನ ಮೇಲೆ ಅಭಿಪ್ರಾಯ ಪುಸ್ತಕ ಇಟ್ಟಿದ್ದೆವು. ಎರಡು ಪುಟ ತುಂಬ 'ಸೂಪರ್', 'ಅದ್ಭುತ ಅಭಿನಯ', ಒಂದು ಹೃದಯದ ಚಿತ್ರ. ಅದನ್ನು ನಂಬಿ ನಾಟಕ ತಿದ್ದಲು ಹೊರಟರೆ ಆದ ಹಾಗೇ. ಜನ ಖರೆ ಮಾತಾಡುವುದು ಚಪ್ಪಲಿ ಹುಡುಕುವಾಗ, ಸ್ಕೂಟರ್ ತೆಗೆಯುವಾಗ. ಅಲ್ಲಿ ಸುಮ್ಮನೆ ನಿಂತು ಕಿವಿ ಕೊಡಬೇಕು, ಏನನ್ನೂ ಕೇಳಬಾರದು. ಕೇಳಿದರೆ ಮತ್ತೆ 'ಅದ್ಭುತ'ವೇ.

ಆ ರಾತ್ರಿ ಹಾಗೆ ನಿಂತಾಗ, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಿರಿಯರೊಬ್ಬರು ಹೆಗಲ ಮೇಲೆ ಕೈ ಹಾಕಿ ಹೇಳಿದರು: 'ತಮಾ, ಬೇಜಾರು ಮಾಡ್ಕ್ಯಳಡ. ರಾಜ ಬಂದಾಗ ಚಪ್ಪಾಳೆ ಬಿತ್ತು. ಅಗಸ ಬಂದಾಗ ಆಟ ಶುರು ಆತು.'

ಅಗಸ ಅಂದರೆ ಅಜೀಜ. ನ್ಯಾಯ ಗೆದ್ದ ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ವೇಷ ಹಾಕಿದ ಅಗಸ. ಅವನಿಗೆ ಜೊತೆ ಕಳ್ಳ ಆಜಮ. ಪಾತ್ರ ಮಾಡಿದ್ದು ನಮ್ಮ ಅಡಿಕೆ ವ್ಯಾಪಾರಿ, ಅವರನ್ನು ಯಾವ ಪೋಸ್ಟರಿನಲ್ಲೂ ಹಾಕಿರಲಿಲ್ಲ. ಪಟ್ಟಿ ತೆಗೆದು ನೋಡಿದೆ. ಅಜೀಜನ ದೃಶ್ಯಗಳ ಎದುರು ಮೊಬೈಲ್ ಲೆಕ್ಕ ಎರಡು, ಒಂದು, ಸೊನ್ನೆ. ನಗು ಸರಿಯಾದ ಜಾಗದಲ್ಲೇ ಬಿದ್ದಿತ್ತು. ಕಂಪನಿ ನಾಟಕದವರು ಹಿಂದೆ ದರ್ಬಾರಿನ ಸೆಟ್ ಜೋಡಿಸುವಷ್ಟು ಹೊತ್ತು ಮುಂದಿನ ಪರದೆಯೆದುರು ಹಾಸ್ಯದವರನ್ನು ಬಿಡುತ್ತಿದ್ದರು. ಕಾರ್ನಾಡರು ಅದೇ ಕಟ್ಟನ್ನು ತೆಗೆದುಕೊಂಡು, ಹಾಸ್ಯದವರನ್ನೇ ಕೊನೆಗೆ ದರ್ಬಾರಿನ ಒಳಗೆ ನುಗ್ಗಿಸಿದರು. ಮಾರಿಕಾಂಬಾ ಜಾತ್ರೆಯ ಟೆಂಟಿನಲ್ಲಿ ನಾಟಕ ನೋಡಿದವರಿಗೆ ಈ ಲಯ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ನಟರ ಮೇಲೂ ಅನ್ಯಾಯದ ಮಾತು ಬೇಡ. ಆರನೇ ದೃಶ್ಯ ನೋಡಿ. ತಾಮ್ರದ ನಾಣ್ಯಕ್ಕೂ ಬೆಳ್ಳಿ ದಿನಾರಿಗೂ ಒಂದೇ ಬೆಲೆ ಎಂದು ಸುಲ್ತಾನ ಹೇಳುತ್ತಾನೆ. ಹಿಂದಿನಿಂದ ಒಂದು ದನಿ ಬಂತು: 'ರಾತ್ರಿ ಎಂಟು ಗಂಟೆಗೆ ಹೇಳ್ದ್ನನಾ?' ಇಡೀ ಸಭೆ ನಕ್ಕಿತು. ನೋಟು ರದ್ದಾದ 2016ರ ನವೆಂಬರ್ 8 ಯಾರಿಗೂ ಮರೆತಿಲ್ಲ. ನಗು ಇಳಿಯುವಷ್ಟರಲ್ಲಿ ಪ್ರಾರ್ಥನೆಯ ಹೊತ್ತು, ಸಂಚುಗಾರರ ಕಠಾರಿ, ಪರದೆಯ ಹಿಂದಿನಿಂದ ಈಟಿ ಹಿಡಿದ ಸೈನಿಕರು. ಶಿಹಾಬುದ್ದೀನನನ್ನು ಸುಲ್ತಾನ ತಾನೇ ಇರಿಯುತ್ತಾನೆ, ಅವನು ಸತ್ತ ಮೇಲೂ ಇರಿಯುತ್ತಾನೆ. ನನ್ನ ಎದುರಿನ ಸಾಲಿನಲ್ಲಿ ಒಬ್ಬ ಹುಡುಗಿ ಮೊದಲಿನಿಂದ ವಿಡಿಯೋ ಮಾಡುತ್ತಿದ್ದಳು. ಮೂರನೇ ಇರಿತಕ್ಕೆ ಅವಳ ಕೈ ಸಣ್ಣಗೆ ಕೆಳಗಿಳಿಯಿತು, ಫೋನು ಮಡಿಲಲ್ಲಿ ಮಗುಚಿತು, ಪರದೆಯ ಬೆಳಕು ಅವಳ ಸೀರೆಗೆ ಬಿದ್ದು ಆರಿತು. ಅವಳು ಅದನ್ನು ಮತ್ತೆ ಎತ್ತಲಿಲ್ಲ. ಬಲಗಡೆ ಬರೆದುಕೊಂಡೆ: ಏಳು. ನಲವತ್ತೊಂದರಿಂದ ಏಳಕ್ಕೆ.

ಕೊನೆಗೆ ಎಡವಟ್ಟಾಯಿತು. ಸಿಂಹಾಸನದ ಮೇಲೆ ನಿದ್ದೆ ಹೋದ ಸುಲ್ತಾನ ಪ್ರಾರ್ಥನೆಯ ಕರೆಗೆ ಎಚ್ಚತ್ತು, ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡುತ್ತಾನೆ. ಅಷ್ಟೇ. ಜನಕ್ಕೆ ಮುಗಿಯಿತೋ ಇಲ್ಲವೋ ಗೊತ್ತಾಗಲಿಲ್ಲ, ಚಪ್ಪಾಳೆ ಬರಲೇ ಇಲ್ಲ. ಬೆಳಕು ಹಾಕಿದ ಮೇಲೆ ನಾಲ್ಕು ಕೈ ತಟ್ಟಿದವು. ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ನಟರ ಮುಖ ಸಪ್ಪಗಿತ್ತು. ಮಂಗಳ ಹಾಡಿ ಮುಗಿಸಿದರೆ ಹೇಗೆ ಅಂತ ನಮ್ಮವರೇ ಒಬ್ಬರು ಕೇಳಿದರು. ಆ ನಾಟಕಕ್ಕೆ ಮಂಗಳವೇ! ನಾನು ಒಪ್ಪಲಿಲ್ಲ, ನಿರ್ದೇಶಕರೂ ಒಪ್ಪಲಿಲ್ಲ. ಮುಗಿತಾಯ ಇದ್ದ ಹಾಗೇ ಇರಲಿ, ಬದಲಾಗಬೇಕಾದ್ದು ಪ್ರವೇಶ.

ಉಪಾಯ ಹೊಳೆದದ್ದು ದೇವಿಮನೆ ಘಟ್ಟ ಇಳಿಯುವಾಗ. ಯಕ್ಷಗಾನದಲ್ಲಿ ಚಿಟ್ಟಾಣಿಯವರ ಪ್ರವೇಶಕ್ಕೂ ಶಿಳ್ಳೆ ಬೀಳುತ್ತಿತ್ತಲ್ಲ, ಆದರೂ ಪ್ರಸಂಗದ ಒಂದು ಪದವೂ ತಪ್ಪುತ್ತಿರಲಿಲ್ಲ. ಯಾಕೆಂದರೆ ಆಟದಲ್ಲಿ ವೇಷ ಬಂದ ಕೂಡಲೇ ಮಾತಾಡುವುದಿಲ್ಲ. ಒಡ್ಡೋಲಗ ಇದೆ, ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಗೆಜ್ಜೆ ಕಾಲು, ಆಮೇಲೆ ಕುಣಿತ. ಜನ ಕಣ್ಣು ತುಂಬ ನೋಡಿ ದಣಿದ ಮೇಲೆ ಮಾತು. ನಾವು ಸುಲ್ತಾನನಿಗೆ ಆ ಹೊತ್ತೇ ಕೊಟ್ಟಿರಲಿಲ್ಲ.

ಕಾರವಾರದಲ್ಲಿ ಕೊಟ್ಟೆವು. ಅಲ್ಲಿನವರಿಗೆ ಮರಾಠಿ ನಾಟಕದ ರುಚಿ ಹಳೆಯದು, ದೊಡ್ಡ ನಟ ರಂಗಕ್ಕೆ ಬಂದ ತಕ್ಷಣ ಚಪ್ಪಾಳೆ ತಟ್ಟುವುದು ಅವರಿಗೆ ಮರ್ಯಾದೆಯ ವಿಷಯ, ತಡೆಯುವಂತಿಲ್ಲ. ನಗಾರಿ ಬಾರಿಸಿ, ನಟರನ್ನು ಬೆನ್ನು ತೋರಿಸಿ ನಿಲ್ಲಿಸಿ, ಗುಂಪು ಒಬ್ಬೊಬ್ಬರಾಗಿ ಬಗ್ಗಿ ಸಲಾಂ ಮಾಡುವ ಹಾಗೆ ಮಾಡಿದೆವು. ಒಟ್ಟು ಒಂದೂವರೆ ನಿಮಿಷ. ಅವರು ತಿರುಗಿದರು. ಚಪ್ಪಾಳೆ, ಶಿಳ್ಳೆ, ಮೊಬೈಲು ಎಲ್ಲ ಆಯಿತು. ನಗಾರಿ ನಿಲ್ಲಲಿಲ್ಲ. ಸಭೆಗೇ ಸಾಕಾಗಿ ತಣ್ಣಗಾದ ಮೇಲೆ ನಗಾರಿ ನಿಂತಿತು, ಮೊದಲ ಮಾತು ಕೊನೇ ಸಾಲಿನ ನನ್ನ ಕಂಬದವರೆಗೂ ಕೇಳಿಸಿತು. ಸೆಖೆಗೆ ಎಲ್ಲರ ಮೇಕಪ್ ಇಳಿಯುತ್ತಿತ್ತು, ಅದೊಂದು ಬೇರೆ ಗೋಳು. ಹೊರಡುವಾಗ ಒಬ್ಬ ಹೆಂಗಸು ಜೊತೆಯವಳಿಗೆ ಹೇಳುತ್ತಿದ್ದಳು, ಭಾಷೆ ಸ್ವಲ್ಪ ಭಾರ ಆಯ್ತು, ಆದರೆ ಆ ಧೋಬಿ ಹೇಳಿದ್ದೆಲ್ಲ ತಿಳೀತು ಅಂತ. ಕೊನೆಗೆ ಅಲ್ಲೂ ಚಪ್ಪಾಳೆ ತಡವೇ. ಆದರೆ ಯಾರೂ ಏಳಲಿಲ್ಲ, ಕೂತೇ ಇದ್ದರು.

ಸೆಲ್ಫಿಯ ಸಾಲು ಕರಗಲು ಮುಕ್ಕಾಲು ಗಂಟೆ ಬೇಕಾಯಿತು. ಆಮೇಲೆ ನಟರು ಬಣ್ಣ ಒರೆಸುತ್ತ ನನ್ನನ್ನು ಕರೆದರು. ನನ್ನ ಪಟ್ಟಿಯ ಸುದ್ದಿ ಯಾರೋ ಅವರಿಗೆ ಮುಟ್ಟಿಸಿದ್ದರು.

'ಹೆಗಡೇರೇ, ಪ್ರವೇಶಕ್ಕೆ ಎಷ್ಟು ಮೊಬೈಲು?'

'ಐವತ್ತೆರಡು.'

'ಆರನೇ ದೃಶ್ಯಕ್ಕೆ?'

'ಒಂದು. ಅದೂ ನಮ್ಮ ಫೋಟೋದವನದ್ದು.'

ಅವರು ಟವೆಲ್ ಕೆಳಗಿಟ್ಟರು. 'ಊಟಕ್ಕೆ ಏನಿದೆ?' ಅಂದರು.